ತವರಿಗೆ ಹೋದಾಗ ಮಾತ್ರ ಸರಿಹೋಗುವ ಹೊಟ್ಟೆ

ಪ್ರಶ್ನೆ: ಡಾಕ್ಟ್ರೇ, ನನಗೆ 33 ವರ್ಷ. ತವರು ಹೊಸದುರ್ಗದ ಹತ್ತಿರ ಒಂದು ಹಳ್ಳಿ. ಮದುವೆಯಾಗಿ ದಾವಣಗೆರೆಗೆ ಬಂದು ಒಂಬತ್ತು ವರ್ಷ ಆಯಿತು. ಎರಡನೇ ವರ್ಷದಿಂದಲೇ ಹೊಟ್ಟೆ ಉಬ್ಬರ, ವಾರಕ್ಕೆ ಮೂರು ನಾಲ್ಕು ದಿನ ಲೂಸ್ ಮೋಷನ್, ಬಾಯಿಹುಣ್ಣು, ವಿಪರೀತ ಸುಸ್ತು. ಮೂರು ವರ್ಷದಿಂದ ಐರನ್ ಮಾತ್ರೆ ನುಂಗುತ್ತಿದ್ದರೂ ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲೇ ಇದೆ. ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ಬೇರೆ. ಎರಡು ವರ್ಷದ ಹಿಂದೆ ಎಂಡೋಸ್ಕೋಪಿ ಮಾಡಿಸಿದಾಗ ಮೈಲ್ಡ್ ಗ್ಯಾಸ್ಟ್ರೈಟಿಸ್ ಅಂದರು. ಸ್ಕ್ಯಾನಿಂಗ್, ಥೈರಾಯ್ಡ್ ಎಲ್ಲ ನಾರ್ಮಲ್. ಕೊನೆಗೆ ಐಬಿಎಸ್ (ಕರುಳಿಗೆ ಏಟು ಬಿದ್ದಿರದಿದ್ದರೂ ಹೊಟ್ಟೆ ಕೆಡುವ ತೊಂದರೆ), ಟೆನ್ಷನ್ ಬಿಡಿ ಅಂದರು. ಒಂದು ಸಲ ಮೂರನೇ ತಿಂಗಳಲ್ಲಿ ಗರ್ಭ ಹೋಯಿತು. ತವರಿಗೆ ಹೋದರೆ ಹತ್ತು ಹದಿನೈದು ದಿನದಲ್ಲಿ ಹೊಟ್ಟೆ ಸುಮಾರಾಗಿ ಸರಿಹೋಗುತ್ತದೆ. ಇಲ್ಲಿಗೆ ಬಂದರೆ ಮತ್ತೆ ಶುರು. "ಕೆಲಸ ತಪ್ಪಿಸೋಕೆ ನಾಟಕ" ಎಂದು ಅತ್ತೆ ನೇರವಾಗೇ ಹೇಳುತ್ತಾರೆ. ನಮ್ಮನೆಯವರು ಬಾಯಿಬಿಟ್ಟು ಹೇಳಲ್ಲ, ಆದರೆ ಅವರಿಗೂ ಹಾಗೇ ಅನ್ನಿಸಿದೆ. ಅತ್ತೆಗೆ ಶುಗರ್ ಇರುವುದರಿಂದ ನಮ್ಮಲ್ಲಿ ದಿನಾ ರಾತ್ರಿ ಚಪಾತಿ. ಮೊನ್ನೆ ಗೋಧಿಯಲ್ಲಿರುವ ಗ್ಲುಟನ್ ಬಗ್ಗೆ ಒಂದು ವಿಡಿಯೋ ನೋಡಿ 12 ದಿನದಿಂದ ಗೋಧಿ ಬಿಟ್ಟಿದ್ದೇನೆ. ಸ್ವಲ್ಪ ಹಗುರ ಅನ್ನಿಸುತ್ತಿದೆ. ಸುಮ್ನೆ ಹೀಗೇ ಬಿಟ್ಟರೆ ಸಾಕಾ? ಆರು ವರ್ಷದ ಮಗಳೂ ತುಂಬಾ ಸಣ್ಣಗಿದ್ದಾಳೆ. ನನ್ನದು ನಿಜವಾಗಿ ಕಾಯಿಲೆನಾ, ಇಲ್ಲಾ ಮನಸ್ಸಿನದ್ದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನಮ್ಮ. ನಿಮ್ಮನ್ನು ಜಾಸ್ತಿ ಕೊರೆಯುತ್ತಿರುವುದು ಅದೇ ಅನ್ನಿಸುತ್ತದೆ. ಟೆನ್ಷನ್‌ನಿಂದ ಹೊಟ್ಟೆ ಕೆಡಬಹುದು, ನಿದ್ದೆ ಕೆಡಬಹುದು. ಆದರೆ ಟೆನ್ಷನ್‌ನಿಂದ ಹಿಮೋಗ್ಲೋಬಿನ್ 8ಕ್ಕೆ ಇಳಿಯುವುದಿಲ್ಲ. ನಾಟಕ ಮಾಡಿ ಅದನ್ನು ಇಳಿಸಲು ಯಾರಿಗೂ ಆಗುವುದಿಲ್ಲ. ಈ ಒಂದು ನಂಬರು ಸಾಕು, ನಿಮ್ಮ ದೇಹದಲ್ಲಿ ಏನೋ ನಡೆಯುತ್ತಿದೆ ಎಂದು ಹೇಳಲು. ಅದನ್ನು ಹುಡುಕಬೇಕಾದವರು ನಾವು, ಡಾಕ್ಟರುಗಳು. ಇಷ್ಟು ವರ್ಷ ಅದು ಸಿಕ್ಕಿಲ್ಲ ಅಂದರೆ ತಪ್ಪು ನಿಮ್ಮದಲ್ಲ.

ಇನ್ನು ತವರಿನ ವಿಷಯ. ಮನೆಯವರು ಅದನ್ನು ನಿಮ್ಮ ವಿರುದ್ಧದ ಸಾಕ್ಷಿ ಮಾಡಿಕೊಂಡಿದ್ದಾರೆ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಾಲು ಅದೇ. ಅಲ್ಲಿ ಏನು ಊಟ ಎಂದು ನೀವು ಬರೆದಿಲ್ಲ. ಹೊಸದುರ್ಗದ ಕಡೆ ಅಂದಮೇಲೆ ಊಹೆ ಮಾಡಬಲ್ಲೆ. ಮುದ್ದೆ, ಅನ್ನ, ಆಗಾಗ ಸಾಮೆ ಇಲ್ಲಾ ನವಣೆ. ಗೋಧಿ, ಮೈದಾ ಏನಿದ್ದರೂ ಹಬ್ಬದ ಹೋಳಿಗೆಗೆ. ದಾವಣಗೆರೆಯ ಮನೆಯಲ್ಲಿ ಬೆಳಿಗ್ಗೆ ಉಪ್ಪಿಟ್ಟೋ ರವೆ ಇಡ್ಲಿಯೋ, ಸಂಜೆ ಟೀ ಜೊತೆ ಬಿಸ್ಕತ್ತು, ರಾತ್ರಿ ಚಪಾತಿ. ಒಂಬತ್ತು ವರ್ಷದ ಹಿಂದೆ ನಿಮ್ಮ ಮನೆ ಬದಲಾದ ದಿನವೇ ತಟ್ಟೆಯೂ ಬದಲಾಯಿತು, ಅಲ್ವಾ?

ನನಗೆ ಅನುಮಾನ ಇರುವುದು ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯ ಮೇಲೆ. ಅದಕ್ಕೂ ಗೋಧಿಗೂ ಇರುವ ನಂಟು ಗೊತ್ತಾಗಿದ್ದೂ ಹೆಚ್ಚುಕಮ್ಮಿ ಹೀಗೇ. ವಿಲ್ಲೆಮ್ ಡಿಕೆ ಎಂಬ ನೆದರ್ಲೆಂಡ್ಸ್‌ನ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲೇ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಆ ದೇಶದಲ್ಲಿ ಕ್ಷಾಮ ಬಂತು, ಬ್ರೆಡ್ ಸಿಗದಾಯಿತು. ಜನ ಹಸಿವಿನಿಂದ ಸಾಯುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ವಾಪಸ್ ಬಂದಾಗ ಮತ್ತೆ ಮಲಗಿದರು. ಏನು ತಿಂದಾಗ ಹುಷಾರು ತಪ್ಪಿತು, ಏನು ಬಿಟ್ಟಾಗ ಸರಿಹೋಯಿತು ಎಂದು ಅವರು ಗಮನಿಸಿದರು. ನಿಮ್ಮ ಹೊಟ್ಟೆಯೂ ಇಷ್ಟು ವರ್ಷದಿಂದ ಅದೇ ಲೆಕ್ಕ ಹೇಳುತ್ತಿದೆ.

ಹಾಗಂತ ನಿಮಗೆ ಸೀಲಿಯಾಕ್ ಇದೆ ಎಂದು ಪತ್ರ ಓದಿಯೇ ಹೇಳಿಬಿಡಲಾರೆ. ಕಾರಣ ಮುಂದೆ ಹೇಳುತ್ತೇನೆ. ಮೊದಲು ಅದು ಏನು ಅಂತ ನೋಡೋಣ.

ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯದಲ್ಲಿ ಗ್ಲುಟನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟು ನಾದಿದಾಗ ರಬ್ಬರಿನಂತೆ ಎಳೆಯಲು ಬರುತ್ತದಲ್ಲ, ಅದು ಗ್ಲುಟನ್‌ನಿಂದ. ಜೋಳದ ಹಿಟ್ಟಿನಲ್ಲಿ ಆ ಜಿಗುಟು ಇಲ್ಲ. ಅದಕ್ಕೇ ಬಿಸಿನೀರು ಹಾಕಿ ಕಲಸಿ, ಕೈಯಲ್ಲಿ ತಟ್ಟಬೇಕು. ಸೀಲಿಯಾಕ್ ಇರುವವರ ದೇಹದ ರೋಗನಿರೋಧಕ ಶಕ್ತಿ ಈ ಗ್ಲುಟನ್ ಕಂಡರೆ ಕೆರಳಿ, ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆರೋಗ್ಯವಾಗಿರುವ ಕರುಳಿನ ಒಳಗೋಡೆ ಹೊಸ ಟರ್ಕಿ ಟವೆಲ್ ಇದ್ದ ಹಾಗೆ. ಸಣ್ಣ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಊಟದ ಸತ್ವವನ್ನು ಹೀರಿಕೊಳ್ಳುವುದು ಆ ಎಳೆಗಳೇ. ಈ ಕಾಯಿಲೆಯಲ್ಲಿ ಅವು ಸವೆದು ಸಪಾಟಾಗುತ್ತವೆ. ಹೊಟ್ಟೆ ತುಂಬಾ ಉಂಡರೂ ಮೈಗೆ ಹತ್ತುವುದಿಲ್ಲ.

ಏಟು ಜಾಸ್ತಿ ಬೀಳುವುದು ಸಣ್ಣ ಕರುಳಿನ ಮೊದಲ ಭಾಗಕ್ಕೆ. ಕಬ್ಬಿಣಾಂಶ ಹೀರಿಕೊಳ್ಳುವ ಜಾಗವೂ ಅದೇ. ಮೂರು ವರ್ಷ ಐರನ್ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿರಲು ಅದು ಕಾರಣ ಇರಬಹುದು. ಮಾತ್ರೆ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಹೋಗುವುದಿಲ್ಲ. ಜೊತೆಗೆ ನೀವು ದಿನಾ ತಗೊಳ್ಳುವ ಗ್ಯಾಸ್ ಮಾತ್ರೆ ಹೊಟ್ಟೆಯ ಆಸಿಡ್ ತಗ್ಗಿಸುತ್ತದೆ, ಅದರಿಂದಲೂ ಕಬ್ಬಿಣ ಹತ್ತುವುದು ಕಮ್ಮಿಯಾಗುತ್ತದೆ. ಊಟ ಆದ ಕೂಡಲೇ ಟೀ ಕುಡಿಯುವ ಅಭ್ಯಾಸ ಇದ್ದರೆ ಅದೂ ಸೇರುತ್ತದೆ.

ಬಾಯಿಹುಣ್ಣಿಗೆ ನಮ್ಮಲ್ಲಿ "ಉಷ್ಣ" ಎಂದು ಹೇಳಿ ಮಜ್ಜಿಗೆ ಕೊಟ್ಟು ಕಳಿಸುತ್ತೇವೆ. ಪದೇ ಪದೇ ಬರುವ ಬಾಯಿಹುಣ್ಣು, ರಕ್ತಹೀನತೆ, ಮೂಳೆ ನೋವು, ಕಾರಣ ಗೊತ್ತಾಗದ ಗರ್ಭಪಾತ ಎಲ್ಲವೂ ಸೀಲಿಯಾಕ್‌ನಲ್ಲಿ ಕಾಣುತ್ತವೆ. ನಿಮ್ಮ ಗರ್ಭ ಹೋಗಿದ್ದು ಇದರಿಂದಲೇ ಎಂದು ನಾನು ಹೇಳುತ್ತಿಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭ ಹೋಗಲು ಹತ್ತಾರು ಕಾರಣಗಳಿವೆ. ನೀವು ಏನೋ ತಿಂದಿದ್ದರಿಂದ ಹಾಗಾಯಿತು ಎಂದು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಜಗಳೂರು ಕಡೆಯ ಒಬ್ಬ ತಾಯಿ ನನ್ನ ಹತ್ತಿರ ಬರುತ್ತಿದ್ದರು. ಹಾಸ್ಟೆಲ್ ಒಂದರಲ್ಲಿ ಅಡುಗೆ ಕೆಲಸ. ಹಿಮೋಗ್ಲೋಬಿನ್ 7. ಒಂದೂವರೆ ವರ್ಷ ಐರನ್ ಕೊಟ್ಟೆ, ಏರಲಿಲ್ಲ. ಒಂದು ದಿನ ಬೇಜಾರಲ್ಲಿ "ಮಾತ್ರೆ ಸರಿಯಾಗಿ ತಗೊಳ್ತಿಲ್ಲ ನೀವು" ಎಂದು ಗದರಿದೆ. ಆಕೆ ಮಾತಾಡಲಿಲ್ಲ. ಸೀರೆ ಅಂಗಡಿಯ ಕವರಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದು ಟೇಬಲ್ ಮೇಲಿಟ್ಟರು. ಖಾಲಿಯಾದ ಮಾತ್ರೆ ಸ್ಟ್ರಿಪ್‌ಗಳು. ಒಂದನ್ನೂ ಬಿಸಾಡಿರಲಿಲ್ಲ. ಹೋದಲ್ಲೆಲ್ಲ ಡಾಕ್ಟರುಗಳು ಇದನ್ನೇ ಕೇಳುತ್ತಾರೆ ಎಂದು ಸಾಕ್ಷಿಗೆ ಇಟ್ಟುಕೊಂಡಿದ್ದರು. ಅವತ್ತು ಮೊದಲ ಸಲ ಕೇಳಿದೆ, ದಿನಾ ಏನು ಊಟ ಮಾಡ್ತೀರಮ್ಮ ಅಂತ. ಹಾಸ್ಟೆಲ್‌ನಲ್ಲೇ ಎರಡು ಹೊತ್ತೂ ಚಪಾತಿ ಅಂದರು. ಟೆಸ್ಟ್ ಮಾಡಿಸಿದಾಗ ಸೀಲಿಯಾಕ್ ಸಿಕ್ಕಿತು. ಆ ಕಟ್ಟು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ಐರನ್‌ಗೆ ಜಗ್ಗದ ರಕ್ತಹೀನತೆ ಯಾರಲ್ಲಿ ಕಂಡರೂ ಊಟದ ವಿಷಯ ಕೇಳದೆ ಚೀಟಿ ಬರೆಯುವುದಿಲ್ಲ.

ನಮ್ಮ ಕಡೆ ಡಾಕ್ಟರುಗಳಿಗೆ ಇದು ಯಾಕೆ ಬೇಗ ಹೊಳೆಯುವುದಿಲ್ಲ ಅಂದರೆ, ಇದು ಉತ್ತರ ಭಾರತದವರ ಕಾಯಿಲೆ ಎಂಬ ಮಾತು ಇದೆ. ಅದರಲ್ಲಿ ಅರ್ಧ ನಿಜ. ಅಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ ಇದೆ, ದಕ್ಷಿಣದಲ್ಲಿ ಅದಕ್ಕಿಂತ ತುಂಬಾ ಕಮ್ಮಿ. ಆದರೆ ಈ ಕಾಯಿಲೆಗೆ ಬೇಕಾದ ಡಿಕ್ಯೂ2, ಡಿಕ್ಯೂ8 ಎಂಬ ಜೀನ್‌ಗಳು ನಮ್ಮಲ್ಲೂ ಹೆಚ್ಚುಕಮ್ಮಿ ಅಷ್ಟೇ ಜನರಲ್ಲಿವೆ, ಮೂವರಲ್ಲಿ ಒಬ್ಬರಿಗೆ. ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಕೆಲವರಿಗೆ ಮಾತ್ರ. ದೊಡ್ಡ ವ್ಯತ್ಯಾಸ ಇರುವುದು ಗೋಧಿ ತಿನ್ನುವ ಪ್ರಮಾಣದಲ್ಲಿ. ಮುದ್ದೆ, ರೊಟ್ಟಿ, ಅನ್ನ ತಿಂದು ಬೆಳೆದ ಜನ ನಾವು. ಈಗ ಶುಗರ್ ಎಂದರೆ ಚಪಾತಿ, ತೂಕ ಇಳಿಸಬೇಕೆಂದರೆ ಚಪಾತಿ, ಮಕ್ಕಳ ಟಿಫಿನ್ ಬಾಕ್ಸಿಗೂ ಚಪಾತಿ. (ಅತ್ತೆಯವರಿಗೂ ಒಂದು ಮಾತು: ಚಪಾತಿಯೂ ಶುಗರ್ ಏರಿಸುತ್ತದೆ. ಎಷ್ಟು ತಿನ್ನುತ್ತೀರಿ ಅನ್ನುವುದು ಮುಖ್ಯ.)

ಬೇರೆ ಕೆಲವು ತಪ್ಪು ತಿಳುವಳಿಕೆಗಳೂ ಇವೆ. ಇದು ಮಕ್ಕಳ ಕಾಯಿಲೆ, ದೊಡ್ಡವರಿಗೆ ಬರಲ್ಲ ಅನ್ನುತ್ತಾರೆ. ಯಾವ ವಯಸ್ಸಿನಲ್ಲೂ ಬರಬಹುದು. ಭೇದಿ ಇದ್ದರೇ ಸೀಲಿಯಾಕ್ ಅನ್ನುತ್ತಾರೆ. ಮಲಬದ್ಧತೆ ಇರುವವರಲ್ಲೂ, ಸುಸ್ತು ಬಿಟ್ಟರೆ ಬೇರೇನೂ ಇಲ್ಲದವರಲ್ಲೂ ಕಂಡಿದ್ದೇನೆ. ಜವೆ ಗೋಧಿ ಹಳೇ ತಳಿ, ಅದು ಆಗುತ್ತದೆ ಎಂದು ಮಾರುವವರಿದ್ದಾರೆ. ಸೀಲಿಯಾಕ್ ಇದ್ದರೆ ಅದೂ ಆಗುವುದಿಲ್ಲ, ಬನ್ಸಿ ರವೆಯೂ ಆಗುವುದಿಲ್ಲ. ಒಂದೇ ರಕ್ತದಲ್ಲಿ ನೂರಿನ್ನೂರು ಆಹಾರಗಳ ಅಲರ್ಜಿ ತೋರಿಸುತ್ತೇವೆ ಎನ್ನುವ ದುಬಾರಿ ಪ್ಯಾಕೇಜ್ ಟೆಸ್ಟ್‌ಗೆ ದುಡ್ಡು ಸುರಿಯಬೇಡಿ. ಈ ಕಾಯಿಲೆ ಹಿಡಿಯಲು ಅದು ಉಪಯೋಗಕ್ಕೆ ಬರುವುದಿಲ್ಲ.

ಈಗ ನಾನು ಯಾಕೆ ತಡೆದು ಮಾತಾಡುತ್ತಿದ್ದೇನೆ ಎಂಬುದಕ್ಕೆ ಬರುತ್ತೇನೆ. ಗೋಧಿ ಬಿಟ್ಟಾಗ ಹಗುರ ಅನ್ನಿಸುವುದು ಸೀಲಿಯಾಕ್‌ನಲ್ಲಿ ಮಾತ್ರ ಅಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಒಂದು ಬಗೆಯ ಕಾರ್ಬೋಹೈಡ್ರೇಟ್ ಇದೆ. ಐಬಿಎಸ್ ಇರುವವರಿಗೆ ಅದರಿಂದಲೂ ಗ್ಯಾಸ್, ಉಬ್ಬರ ಆಗುತ್ತದೆ. ಅವರ ಕರುಳಿಗೆ ಏಟು ಬಿದ್ದಿರುವುದಿಲ್ಲ. ಇನ್ನೊಂದು ಕಡೆ, ನಮ್ಮ ದಕ್ಷಿಣದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಕಾಯಿಲೆ ಇದೆ. 1960ರ ದಶಕದಲ್ಲಿ ವೆಲ್ಲೂರಿನ ಸುತ್ತಮುತ್ತ ಹಳ್ಳಿ ಹಳ್ಳಿಗೇ ಹಬ್ಬಿತ್ತು. ಅದರಲ್ಲೂ ಕರುಳಿನ ಎಳೆ ಸವೆಯುತ್ತವೆ, ರಕ್ತ ಕಮ್ಮಿಯಾಗುತ್ತದೆ. ಆದರೆ ಅದಕ್ಕೆ ಗೋಧಿ ಬಿಟ್ಟರೆ ಪ್ರಯೋಜನ ಇಲ್ಲ. ಕೆಲವು ತಿಂಗಳ ಆಂಟಿಬಯೋಟಿಕ್ ಮತ್ತು ಫೋಲಿಕ್ ಆಸಿಡ್ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಜಿಯಾರ್ಡಿಯಾ ಎಂಬ ಪರಾವಲಂಬಿ, ಕೊಕ್ಕೆಹುಳು, ಕರುಳಿನ ಟಿಬಿ, ತಿಂಗಳ ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವುದು ಇವೆಲ್ಲ ನಮ್ಮ ಜಿಲ್ಲೆಗಳಲ್ಲಿ ದಿನಾ ನೋಡುವ ಕಾರಣಗಳು. ನಿಮ್ಮ ಡಾಕ್ಟರು ಇವನ್ನೂ ನೋಡಲೇಬೇಕು. ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ತೂಕ ಬೇಗ ಬೇಗ ಇಳಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎದ್ದು ಮೋಷನ್‌ಗೆ ಹೋಗಬೇಕಾದರೆ ಈ ಉತ್ತರ ಓದುತ್ತಾ ಕೂರಬೇಡಿ, ಇವತ್ತೇ ತೋರಿಸಿ.

ಹಾಗಾದರೆ ಏನು ಮಾಡಬೇಕು? ನಿಮಗಿರುವ ಒಂದು ದಾರಿ, ನೀವೇ ಕೇಳಿದ ಹಾಗೆ, ಸುಮ್ನೆ ಗೋಧಿ ಬಿಟ್ಟುಬಿಡುವುದು. ಸುಲಭ ಅನ್ನಿಸುತ್ತದೆ, ಖರ್ಚಿಲ್ಲ. ಆದರೆ ಗೋಧಿ ಬಿಟ್ಟ ಮೇಲೆ ರಕ್ತದಲ್ಲಿರುವ ಗುರುತುಗಳು ನಿಧಾನಕ್ಕೆ ಅಳಿಸಿಹೋಗುತ್ತವೆ, ಕರುಳೂ ಮಾಗುತ್ತಾ ಬರುತ್ತದೆ. ಆರು ತಿಂಗಳು ಬಿಟ್ಟು ಟೆಸ್ಟ್ ಮಾಡಿಸಿದರೆ ಕಾಯಿಲೆ ಇದ್ದರೂ ನಾರ್ಮಲ್ ಎಂದೇ ಬರಬಹುದು. ಆಗ ಮನೆಯಲ್ಲಿ "ನೋಡು, ಏನೂ ಇಲ್ಲ" ಎನ್ನುತ್ತಾರೆ. ನಿಮಗೂ ಅನುಮಾನ ಶುರುವಾಗುತ್ತದೆ. ಯಾವುದೋ ಮದುವೆ ಊಟದಲ್ಲಿ ಹೋಳಿಗೆ, ಇನ್ನೊಂದು ದಿನ ಪೂರಿ, ಹೀಗೆ ಮತ್ತೆ ಜಾರುತ್ತೀರಿ. ಸೀಲಿಯಾಕ್ ಇದ್ದರೆ ಪಥ್ಯ ಜೀವನಪೂರ್ತಿ, ಚೂರೂ ಬಿಡುವಿಲ್ಲದೆ. ಐಬಿಎಸ್ ಆದರೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ. ಯಾವುದೆಂದು ಗೊತ್ತಿಲ್ಲದೆ ಜೀವನವಿಡೀ ಪಥ್ಯ ಮಾಡುವುದು ತುಂಬಾ ಕಷ್ಟ.

ನಾನು ಹೇಳುವ ದಾರಿ ಇದು. ನೀವು ಗೋಧಿ ಬಿಟ್ಟು ಹನ್ನೆರಡೇ ದಿನ ಆಗಿದೆ. ರಕ್ತದ ಗುರುತು ಇಷ್ಟು ಬೇಗ ಹೋಗುವುದಿಲ್ಲ. ಈ ವಾರವೇ ನಿಮ್ಮ ಡಾಕ್ಟರ ಹತ್ತಿರ ಹೋಗಿ ಟಿಟಿಜಿ ಐಜಿಎ ಎಂಬ ರಕ್ತ ಪರೀಕ್ಷೆ ಬರೆಸಿಕೊಳ್ಳಿ. ಜೊತೆಗೆ ಟೋಟಲ್ ಐಜಿಎ ಕೂಡ. ಇದನ್ನು ಮರೆಯುವವರು ಬಹಳ. ಐಜಿಎ ಅಂದರೆ ರಕ್ತದಲ್ಲಿರುವ ಒಂದು ಬಗೆಯ ಆಂಟಿಬಾಡಿ. ಕೆಲವರ ದೇಹದಲ್ಲಿ ಅದು ತಯಾರಾಗುವುದೇ ಇಲ್ಲ. ಅಂಥವರಲ್ಲಿ ಟಿಟಿಜಿ ಐಜಿಎ ಸುಳ್ಳೇ ನಾರ್ಮಲ್ ತೋರಿಸುತ್ತದೆ. ಅವರಿಗೆ ಐಜಿಜಿ ಎಂಬ ಇನ್ನೊಂದು ಆಂಟಿಬಾಡಿ ನೋಡುವ ಟೆಸ್ಟ್ ಬೇಕು. ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ ಇವನ್ನೂ ಒಟ್ಟಿಗೇ ನೋಡಿಸಿ. ಖಾಲಿ ಹೊಟ್ಟೆ ಬೇಕಿಲ್ಲ.

ಟಿಟಿಜಿ ಜಾಸ್ತಿ ಬಂದರೆ ಮುಂದಿನದು ಎಂಡೋಸ್ಕೋಪಿ. "ಅದು ಆಗಿದೆಯಲ್ಲ" ಅನ್ನಬಹುದು ನೀವು. ಹಳೇ ರಿಪೋರ್ಟ್ ಒಂದು ಸಲ ತೆಗೆದು ನೋಡಿ. ಡ್ಯುಯೋಡಿನಮ್‌ನಿಂದ, ಅಂದರೆ ಸಣ್ಣ ಕರುಳಿನ ಶುರುವಿನ ಭಾಗದಿಂದ, ಬಯಾಪ್ಸಿ (ಪರೀಕ್ಷೆಗೆ ಸಣ್ಣ ಚೂರು) ತೆಗೆದಿದ್ದಾರೆ ಎಂದು ಅದರಲ್ಲಿ ಬರೆದಿದೆಯಾ? ಬರೆದಿಲ್ಲ ಎಂದರೆ ಆ ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಹುಣ್ಣು ನೋಡಿದ್ದಾರೆ, ಸೀಲಿಯಾಕ್ ಹುಡುಕಿಲ್ಲ. ಕ್ಯಾಮೆರಾದಲ್ಲಿ ನೋಡಿದರೆ ಈ ಕರುಳು ಎಷ್ಟೋ ಸಲ ಸರಿಯಾಗೇ ಕಾಣುತ್ತದೆ. ಎಳೆ ಸವೆದಿರುವುದು ಮೈಕ್ರೋಸ್ಕೋಪ್‌ನಲ್ಲೇ ಗೊತ್ತಾಗಬೇಕು. ಅದಕ್ಕೆ ಡ್ಯುಯೋಡಿನಮ್‌ನ ಎರಡನೇ ಭಾಗದಿಂದ ಕಡೇ ಪಕ್ಷ ನಾಲ್ಕು ಚೂರು, ಮೊದಲ ಭಾಗದಿಂದ ಒಂದೆರಡು ಚೂರು ತೆಗೆಯಬೇಕು. ಈ ಕಾಯಿಲೆ ಕರುಳಿನಲ್ಲಿ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರಬಹುದು. ಚೂರು ತೆಗೆದಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಈ ವಿಷಯವನ್ನು ಡಾಕ್ಟರ ಹತ್ತಿರ ಸಂಕೋಚ ಇಲ್ಲದೆ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆ ಅಂದುಕೊಳ್ಳಬೇಡಿ.

ರಕ್ತ ಕೊಟ್ಟ ಮೇಲೂ ಬಯಾಪ್ಸಿ ಆಗುವ ತನಕ ಚಪಾತಿ ತಿನ್ನಲೇಬೇಕು. ಹಗುರ ಅನ್ನಿಸಿದ ಮೇಲೆ ಮತ್ತೆ ತಿನ್ನಿ ಎನ್ನುವುದು ಕ್ರೂರವಾಗಿ ಕೇಳುತ್ತದೆ, ನನಗೆ ಗೊತ್ತು. ಮತ್ತೆ ಉಬ್ಬರ, ಮೋಷನ್ ಆಗಬಹುದು. ಆದರೂ ಇದೊಂದು ಸಲ ತಡೆದುಕೊಳ್ಳಿ. ಟಿಟಿಜಿ ನಾರ್ಮಲ್ ಬಂದು ಅನುಮಾನ ಉಳಿದರೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ಇರುವಂತೆ ಆರು ವಾರ ತಿಂದು ಮತ್ತೆ ಟೆಸ್ಟ್ ಮಾಡಿಸುವುದು ವಾಡಿಕೆ. ವಾಂತಿ, ಭೇದಿ ವಿಪರೀತವಾದರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಗರ್ಭಿಣಿ ಆಗಿದ್ದರೆ ಇದನ್ನು ಮಾಡಲೇಬೇಡಿ. ಗೋಧಿ ಮುಟ್ಟಲೂ ಆಗದಷ್ಟು ಕಷ್ಟವಾದವರಿಗೆ ಜೀನ್ ಟೆಸ್ಟ್ ಇದೆ. ಅದಕ್ಕೆ ಗೋಧಿ ತಿನ್ನಬೇಕಿಲ್ಲ. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲ ಎಂದು ಬಂದರೆ ಸೀಲಿಯಾಕ್ ಅಲ್ಲ ಎಂದು ಹೆಚ್ಚುಕಮ್ಮಿ ಖಚಿತ. ಇದೆ ಎಂದು ಬಂದರೆ ಏನೂ ತೀರ್ಮಾನ ಆಗುವುದಿಲ್ಲ.

ಬಯಾಪ್ಸಿಯಲ್ಲಿ ಸೀಲಿಯಾಕ್ ಎಂದೇ ಬಂತು ಅಂದುಕೊಳ್ಳಿ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಗ್ಲುಟನ್ ಇಲ್ಲದ ಊಟವೇ ಔಷಧಿ. ದೆಹಲಿಯಲ್ಲಿ ಹುಟ್ಟಿದವರಿಗೆ ಇದು ದೊಡ್ಡ ಕಷ್ಟ. ನಿಮಗೆ ನಿಮ್ಮ ತವರಿನ ಅಡುಗೆಮನೆಯೇ ಗೊತ್ತು. ರಾಗಿ, ಜೋಳ, ಅಕ್ಕಿ, ಸಜ್ಜೆ, ಮೆಕ್ಕೆಜೋಳ, ನವಣೆ, ಸಾಮೆ, ಎಲ್ಲ ಬೇಳೆ, ಹಾಲು, ಮೊಟ್ಟೆ, ಮಾಂಸ, ತರಕಾರಿ ಎಲ್ಲವೂ ಆಗುತ್ತವೆ. ಮಂಡಕ್ಕಿ ಅಕ್ಕಿಯದು, ಆಗುತ್ತದೆ. ಬೆಣ್ಣೆ ದೋಸೆ ಹಿಟ್ಟಿಗೆ ಅಕ್ಕಿ, ಉದ್ದು, ಮಂಡಕ್ಕಿ ಹಾಕುತ್ತಾರೆ, ಕೆಲವರು ಮೈದಾ ಬೆರೆಸುತ್ತಾರೆ. ಕೇಳಿ ತಿನ್ನಿ. ಅದೇ ಹಂಚಿನ ಮೇಲೆ ರವೆ ದೋಸೆ ಹಾಕುವ ಹೋಟೆಲ್ ಬೇಡ. ಮೆಣಸಿನಕಾಯಿ ಬಜ್ಜಿ ಕಡಲೆಹಿಟ್ಟಿನದಾದರೂ ಅದೇ ಎಣ್ಣೆಯಲ್ಲಿ ಪೂರಿಯೋ ಸಮೋಸವೋ ಕರಿದಿದ್ದರೆ ಆಗದು. ಗೋಬಿ ಮಂಚೂರಿಯಲ್ಲಿ ಮೈದಾವೂ ಇರುತ್ತದೆ, ಸೋಯಾ ಸಾಸ್‌ನಲ್ಲಿ ಗೋಧಿಯೂ ಇರುತ್ತದೆ.

ಗೊತ್ತಾಗದೆ ಮೋಸ ಹೋಗುವುದು ಎರಡು ಕಡೆ. ಒಂದು ಇಂಗು. ಡಬ್ಬಿಯಲ್ಲಿ ಬರುವ ಇಂಗಿಗೆ ಎಷ್ಟೋ ಕಂಪನಿಗಳು ಗೋಧಿ ಹಿಟ್ಟು ಇಲ್ಲಾ ಮೈದಾ ಸೇರಿಸುತ್ತವೆ. ದಿನಾ ಒಗ್ಗರಣೆಗೆ, ಸಾರಿನ ಪುಡಿಗೆ ಅದೇ ಬೀಳುತ್ತದೆ. ಲೇಬಲ್ ಓದಿ, ಅಕ್ಕಿ ಹಿಟ್ಟಿನದು ಸಿಕ್ಕರೆ ಅದನ್ನು ತನ್ನಿ. ಇನ್ನೊಂದು ಹಿಟ್ಟಿನ ಗಿರಣಿ. ನಿಮ್ಮ ಮುಂದಿನವರು ಗೋಧಿ ಬೀಸಿಸಿ ಹೋದ ಮೇಲೆ ನಿಮ್ಮ ರಾಗಿ ಹಾಕಿದರೆ ಮೊದಲ ಒಂದೆರಡು ಸೇರಿನಲ್ಲಿ ಗೋಧಿಯೂ ಬೆರೆತು ಬರುತ್ತದೆ. ಜಗಳೂರಿನ ಆ ತಾಯಿಗೆ ಪಥ್ಯ ಶುರುವಾಗಿ ಎಂಟು ತಿಂಗಳಾದರೂ ಟಿಟಿಜಿ ಪೂರ್ತಿ ಇಳಿದಿರಲಿಲ್ಲ. ಕೆದಕಿ ಕೇಳಿದಾಗ ಗಿರಣಿ ಸಿಕ್ಕಿಬಿತ್ತು. ಆಮೇಲೆ ರಾಗಿ ಮಾತ್ರ ಬೀಸುವ ಗಿರಣಿ ಹುಡುಕಿಕೊಂಡರು. ಅದು ಸಿಗದಿದ್ದರೆ ಮನೆಗೇ ಒಂದು ಚಿಕ್ಕ ಗಿರಣಿ ತಂದುಕೊಳ್ಳುವವರಿದ್ದಾರೆ. ಪ್ಯಾಕೆಟ್ ಸಾಮಾನಿನ ಮೇಲೆ ಗ್ಲುಟನ್ ಫ್ರೀ ಎಂದಿದ್ದರೆ ನಮ್ಮ ದೇಶದ ನಿಯಮದ ಪ್ರಕಾರ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರುವಂತಿಲ್ಲ. ಎಷ್ಟು ಸಣ್ಣ ಚೂರಿಗೂ ಲೆಕ್ಕ ಇದೆ ಎಂದು ಇದರಿಂದಲೇ ತಿಳಿಯುತ್ತದೆ.

ಪಥ್ಯ ಸರಿಯಾಗಿದ್ದರೆ ಹೊಟ್ಟೆ ಕೆಲವು ವಾರದಲ್ಲಿ ಸುಧಾರಿಸುತ್ತದೆ. ಹಿಮೋಗ್ಲೋಬಿನ್ ಏರಲು ತಿಂಗಳುಗಳು ಬೇಕು. ಮೊದಲು ಐರನ್ ಅನ್ನು ರಕ್ತನಾಳದ ಮೂಲಕ ಕೊಡಬೇಕಾಗಬಹುದು. ಟಿಟಿಜಿ ನಾರ್ಮಲ್ ಆಗಲು ಆರು ತಿಂಗಳಿಂದ ಒಂದೆರಡು ವರ್ಷ. ಶುರುವಿನಲ್ಲಿ ಹಾಲು ಹಿಡಿಸದಿದ್ದರೆ ಹೆದರಬೇಡಿ. ಕರುಳು ಮಾಗಿದ ಮೇಲೆ ಬಹಳ ಜನಕ್ಕೆ ಹಿಡಿಸುತ್ತದೆ.

ಮಗಳ ವಿಷಯ. ನಿಮಗೆ ಸೀಲಿಯಾಕ್ ಇದೆ ಎಂದಾದರೆ ಅವಳಿಗೂ, ನಿಮ್ಮ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರಿಗೂ ರಕ್ತ ಪರೀಕ್ಷೆ ಬೇಕು. ಹತ್ತಿರದ ರಕ್ತಸಂಬಂಧಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇರಬಹುದು. ಅಲ್ಲಿಯ ತನಕ ಅವಳ ಊಟದಿಂದ ಗೋಧಿ ತೆಗೆಯಬೇಡಿ. ನಿಮ್ಮ ರಿಪೋರ್ಟ್ ಏನೇ ಬರಲಿ, ಅವಳ ಎತ್ತರ ತೂಕವನ್ನು ಒಂದು ಸಲ ಮಕ್ಕಳ ಡಾಕ್ಟರ ಹತ್ತಿರ ಅಳೆಸಿ.

ಟೆಸ್ಟ್‌ಗೆ ಹೋಗುವಾಗ ನಿಮ್ಮನೆಯವರನ್ನೂ ಕರೆದುಕೊಂಡು ಹೋಗಿ. ಡಾಕ್ಟರು ರಿಪೋರ್ಟ್ ಓದಿ ಹೇಳುವಾಗ ಅವರು ಪಕ್ಕದಲ್ಲಿರಲಿ. ಹಿಂದಿನ ಮೂರು ವರ್ಷದ ಹಿಮೋಗ್ಲೋಬಿನ್ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ಒಂದು ಹಾಳೆಯಲ್ಲಿ ತವರಿಗೆ ಹೋದ ತಿಂಗಳುಗಳು, ಅಲ್ಲಿ ಏನು ಊಟ, ಹೊಟ್ಟೆ ಹೇಗಿತ್ತು ಎಂದು ನೆನಪಿರುವಷ್ಟು ಬರೆದು, ಆ ಹಾಳೆಯನ್ನು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಡಿ.